ಯಿಟ್ಟಾ ಕೂಡಿಸಿದ ಹತ್ತು ಮಂದಿ

ಬ್ನೇ ಬ್ರಾಕ್‌ನಲ್ಲಿ ಯಿಟ್ಟಾಳ ಮನೆ ಎಲ್ಲಿ ಎಂದು ಗಂಡಸರನ್ನು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಹೆಂಗಸರಾದರೆ ಕಣ್ಣು ಮುಚ್ಚಿಕೊಂಡು ದಾರಿ ಹೇಳುತ್ತಾರೆ. ಮದುವೆಯಾದವಳು ಕೂದಲು ಮುಚ್ಚಿಕೊಂಡೇ ಇರಬೇಕಾದ ಸಂಪ್ರದಾಯಸ್ಥ ಯೆಹೂದಿಗಳ ಊರು ನಮ್ಮದು. ಇಲ್ಲಿ ವಿಗ್ ತೊಳೆದು, ಸುರುಳಿ ಸುತ್ತಿ, ಬಾಚಿ ಕೊಡುವವಳ ಹಂಗಿಲ್ಲದೆ ಯಾವ ಮನೆಯ ಹಬ್ಬವೂ ನಡೆಯುವುದಿಲ್ಲ. ಅವಳ ಅಡುಗೆಮನೆಯ ಕಪಾಟಿನ ಮೇಲೆ ವಿಗ್ ಹೊತ್ತ ಥರ್ಮೋಕೋಲ್ ತಲೆಗಳು ಸಾಲಾಗಿ ನಿಂತಿರುತ್ತವೆ. ಗಂಡ ಹೆರ್ಶ್ ಇದ್ದಾಗ ಶುಕ್ರವಾರ ಸಂಜೆ ಆ ತಲೆಗಳಿಗೂ ಬಗ್ಗಿ ಶಬ್ಬಾತಿನ, ಅಂದರೆ ವಾರದ ವಿಶ್ರಾಂತಿ ದಿನದ, ಶುಭಾಶಯ ಹೇಳುತ್ತಿದ್ದ. ಆಮೇಲೆ ಮಗ ಪಿನ್ಯನನ್ನು ಎದುರು ಕೂರಿಸಿಕೊಂಡು, ಮೇಜು ಬಡಿಯುತ್ತ, ನೆರೆಮನೆಯವರು ಕಿಟಕಿ ತೆರೆಯುವಷ್ಟು ಜೋರಾಗಿ ಇಬ್ಬರೂ ಹಾಡುತ್ತಿದ್ದರು.

ಶರತ್ಕಾಲದ ಸುಕ್ಕೋತ್ ಹಬ್ಬ ಮುಗಿದ ವಾರ ಹೆರ್ಶ್ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಹನ್ನೊಂದು ವರ್ಷದ ಪಿನ್ಯ ಅಂದಿನಿಂದ ದಿನವೂ ಸಿನಗಾಗ್ ಎಂಬ ಪ್ರಾರ್ಥನಾಮಂದಿರಕ್ಕೆ ಹೋಗಿ ಅಪ್ಪನಿಗಾಗಿ ಕದ್ದಿಶ್ ಹೇಳತೊಡಗಿದ. ಸತ್ತವನ ಮಗ ಹೇಳಬೇಕಾದ ಪ್ರಾರ್ಥನೆ ಅದು. 'ಆಮೆನ್' ಅನ್ನಲು ಹತ್ತು ಜನ ಗಂಡಸರು ಕೂಡಿರಲೇಬೇಕು. ಹುಡುಗ ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೆ ಮನೆಯಲ್ಲಿ ಹಾಡು ನಿಂತೇಹೋಯಿತು. ಶಬ್ಬಾತಿನ ಮೇಜಿನ ಮುಂದೆ ತುಟಿ ಬಿಗಿದುಕೊಂಡು ಸೂಪು ಕುಡಿದು ಎದ್ದುಬಿಡುತ್ತಿದ್ದ.

ಚಳಿಗಾಲದ ಕೊನೆಗೆ ಒಂದು ದಿನ ರೆಬ್ ಶ್ಮೆಲ್ಕೆಯ ಹೆಂಡತಿ ವಿಗ್ ತೆಗೆದುಕೊಂಡು ಹೋಗಲು ಬಂದಾಗ ಪಿನ್ಯ ಕೈ ತೊಳೆಯುತ್ತ ಎರಡು ಸಾಲು ಗುನುಗಿದ. ಶ್ಮೆಲ್ಕೆ ಅಂದರೆ ಹುಡುಗರ ಗಾಯನ ಮೇಳ ನಡೆಸುವವನು. ಮದುವೆಗಳಲ್ಲಿ, ದೊಡ್ಡ ಸಭಾಂಗಣಗಳಲ್ಲಿ ಅವನ ಹುಡುಗರು ಹಾಡುತ್ತಾರೆ. ಆ ಹೆಂಗಸು ಮನೆಗೆ ಹೋಗಿ ಗಂಡನ ಕಿವಿಗೆ ಹಾಕಿದಳು, ಅವನು ಕರೆಸಿದ, ಹುಡುಗ ಹಾಡಿದ. ಆ ಸಂಜೆ ಮನೆಗೆ ಬಂದವನು ಕುಗೆಲ್ ಎರಡನೇ ಸಲ ಹಾಕಿಸಿಕೊಂಡು ತಿಂದ.

"ಸೇರ್ಕೊಳ್ಳಲಾ ಅಮ್ಮ?" ಎಂದ.

ಹೂಂ ಅನ್ನುವುದು ಅವಳೊಬ್ಬಳ ಕೈಯಲ್ಲಿರಲಿಲ್ಲ. ಹೆರ್ಶ್‌ನ ಅಣ್ಣ ಗೆಟ್ಸೆಲ್ ಪಾಠಶಾಲೆಯ ಗುರು, ಹುಡುಗನಿಗೆ ಈಗ ತಂದೆಯ ಜಾಗದಲ್ಲಿರುವವನು. ಸುದ್ದಿ ಕೇಳಿದವನೇ ಬಂದು ಟೋಪಿಯನ್ನೂ ತೆಗೆಯದೆ ಶುರುಮಾಡಿದ.

"ಸ್ಟೇಜು, ಲೈಟು, ಚಪ್ಪಾಳೆ. ತಲೆ ನೆಟ್ಟಗಿರುತ್ತಾ ಹುಡುಗಂದು? ಅದೂ ಅಪ್ಪ ಹೋಗಿ ವರ್ಷ ತುಂಬಿಲ್ಲ, ಸೂತಕದಲ್ಲಿ ಹಾಡು ಕೂಡದು."

"ರಬ್ಬಿಯವರನ್ನ ಕೇಳಿದೀನಿ ಭಾವ. ಹದಿಮೂರು ತುಂಬದವನಿಗೆ ಆ ಕಟ್ಟು ಇಲ್ಲ ಅಂದ್ರು."

"ಕದ್ದಿಶ್‌ಗೆ ಏನಂದ್ರು? ಶ್ಮೆಲ್ಕೆ ಅಭ್ಯಾಸ ಮಾಡಿಸೋದು ಸೂರ್ಯ ಮುಳುಗೋ ಹೊತ್ತಿಗೆ, ಊರಾಚೆ ಆ ಗ್ಯಾರೇಜ್ ಬೀದಿಲಿ. ನಲವತ್ತು ಹುಡುಗರು ಗಂಟಲು ಹರ್ಕೊಂಡು ದೇವರನ್ನ ಹೊಗಳ್ಲಿ, ಹದಿಮೂರಾಗದವರು ಒಬ್ಬರೂ ಲೆಕ್ಕಕ್ಕಿಲ್ಲ. ಹತ್ತು ಗಂಡಸರನ್ನ ಎಲ್ಲಿಂದ ತರ್ತೀಯ? ಈ ಥರ್ಮೋಕೋಲ್ ತಲೆಗಳನ್ನ ನಿಲ್ಲಿಸ್ತೀಯಾ?"

ಯಿಟ್ಟಾಳಿಗೆ ಮೈಯೆಲ್ಲ ಉರಿದುಹೋಯಿತು. ಅವಳಿಗೂ ಒಂದು ಕಾಲದಲ್ಲಿ ದನಿಯಿತ್ತು. ಅಪ್ಪನ ಮೇಜಿನ ಬಳಿ ಹಾಡುತ್ತಿದ್ದವಳಿಗೆ ಹನ್ನೆರಡಾದ ವಾರವೇ, ದೊಡ್ಡವಳಾದೆ, ಗಂಡಸರೆದುರು ಇನ್ನು ಸಾಕು ಎಂದಿದ್ದರು. ಅವಳು ಎದುರಾಡಲಿಲ್ಲ, ಮದುವೆಮನೆಗಳಲ್ಲಿ ಹೆಂಗಸರ ಕಡೆ ಹಾಡಿಕೊಂಡು ಕಾಲ ಕಳೆದಳು. ಗಂಡುಹುಡುಗನಿಗೂ ದನಿ ಒಡೆಯುವವರೆಗೆ ಮಾತ್ರ ಅವಕಾಶ. ಪಿನ್ಯನಿಗೆ ಇರುವುದು ಹೆಚ್ಚೆಂದರೆ ಎರಡು ವರ್ಷ. ಅದರಲ್ಲೂ ಎಷ್ಟೋ ತಿಂಗಳು ಅವನ ಬಾಯಲ್ಲಿ ಸತ್ತವರ ಪ್ರಾರ್ಥನೆಯೊಂದೇ ಇರಬೇಕು ಅನ್ನುವುದು ಅವಳಿಂದ ಆಗಲಿಲ್ಲ.

"ತರ್ತೀನಿ," ಎಂದಳು. "ಹತ್ತು ಜನಾನ ಅಲ್ಲಿಗೇ ತರ್ತೀನಿ. ಒಂದು ಸಂಜೆ ಕದ್ದಿಶ್ ತಪ್ಪಿದ್ರೂ ನೀವು ಬರೋದು ಬೇಡ, ನಾನೇ ಅವನನ್ನ ಮೇಳದಿಂದ ಬಿಡಿಸ್ತೀನಿ."

ಗೆಟ್ಸೆಲ್ ನಕ್ಕು ಎದ್ದುಹೋದ. ಯಿಟ್ಟಾಳ ಕಪಾಟಿನ ಮೇಲೆ ಏನಿದೆ ಅನ್ನುವುದನ್ನು ಅವನು ಸರಿಯಾಗಿ ನೋಡಿರಲಿಲ್ಲ.

ಪೆಸಖ್ ಹಬ್ಬ ಹತ್ತಿರವಾಗಿತ್ತು. ಊರಿನ ಅರ್ಧ ಹೆಂಗಸರ ವಿಗ್‌ಗಳು ಅವಳ ಮನೆಯಲ್ಲಿದ್ದವು. ಗ್ಯಾರೇಜಿನ ಝೆಲಿಗ್‌ನ ಹೆಂಡತಿ ಮೊದಲು ಸಿಕ್ಕಳು.

"ನಿಮ್ಮೆಜಮಾನ್ರು ಸಂಜೆ ಸ್ವಲ್ಪ ಹೊತ್ತು ಶ್ಮೆಲ್ಕೆ ಹಾಲ್‌ಗೆ ಬಂದು ಪ್ರಾರ್ಥನೆಗೆ ನಿಂತ್ಕೊಳ್ಳಲಿ," ಎಂದಳು ಯಿಟ್ಟಾ.

"ಅವರಿಗೆಲ್ಲಿ ಪುರುಸೊತ್ತು ಕಣೇ, ಹಬ್ಬದ ಮುಂದೆ?"

"ನನಗೂ ಪುರುಸೊತ್ತಿಲ್ಲ ಕಣಮ್ಮ, ಹಬ್ಬದ ಮುಂದೆ. ನಿಮ್ಮ ವಿಗ್ ಒದ್ದೆ ಇದೆ, ಹಾಗೇ ತಗೊಂಡು ಹೋಗಿ."

"ಇದು ಹಗಲು ದರೋಡೆ."

"ಹೌದು," ಎಂದಳು ಯಿಟ್ಟಾ, ಬಾಚಣಿಗೆ ಕೆಳಗಿಟ್ಟು.

ಹೀಗೆ ಬಡಗಿ ಬಂದ, ಟೈರಿನ ಅಂಗಡಿಯವನು ಬಂದ, ಬಸ್ ಡ್ರೈವರ್ ಬಂದ, ಬೀಗದ ಅಂಗಡಿಯ ಅಪ್ಪ ಮಗ ಇಬ್ಬರೂ ಬಂದರು. ಮೊದಲ ವಾರ ಹತ್ತಕ್ಕೆ ಕಡಿಮೆಯಾಗಲಿಲ್ಲ. ಸೂರ್ಯ ಇಳಿಯುವಾಗ ಶ್ಮೆಲ್ಕೆ ಹಾಡು ನಿಲ್ಲಿಸುತ್ತಿದ್ದ, ಗಂಡಸರು ಕೈಯ ಎಣ್ಣೆ ಒರೆಸಿಕೊಂಡು ಒಳಗೆ ಬರುತ್ತಿದ್ದರು, ಪಿನ್ಯ ಕದ್ದಿಶ್ ಹೇಳುತ್ತಿದ್ದ. ಯಿಟ್ಟಾ ಹೊರಗೆ ಮೆಟ್ಟಿಲ ಮೇಲೆ ಕಾವಲುಗಾರನ ಹಾಗೆ ನಿಂತಿರುತ್ತಿದ್ದಳು.

ಎರಡನೆಯ ವಾರ ಕೆಟ್ಟಿತು. ಝೆಲಿಗ್ ಕೆಟ್ಟ ಲಾರಿಯೊಂದರ ಹಿಂದೆ ಹೈಫಾಕ್ಕೆ ಹೋದವನು ಬರಲಿಲ್ಲ. ಯಿಟ್ಟಾ ಬೀದಿಯ ಆ ತುದಿಯಿಂದ ಈ ತುದಿಗೆ ಓಡಿದಳು. ಎಲ್ಲ ಅಂಗಡಿಗಳ ಶಟರ್ ಇಳಿದಿತ್ತು. ವಾಪಸು ಬರುವಷ್ಟರಲ್ಲಿ ಗೆಟ್ಸೆಲ್ ಹಾಲಿನ ಬಾಗಿಲಲ್ಲಿ ನಿಂತಿದ್ದ. ಯಾವತ್ತೋ ಒಂದು ದಿನ ಹೀಗಾಗುತ್ತದೆಂದು ಕಾದಿದ್ದವನ ಹಾಗೆ ನೇರ ಒಳಗೆ ಹೋದ.

"ಒಬ್ಬರು ಕಡಿಮೆ ಇದಾರೆ. ನಡಿ ಪಿನ್ಯ. ಈಗ ಹೊರಟರೆ ಸಿನಗಾಗ್‌ನಲ್ಲಿ ಪ್ರಾರ್ಥನೆ ಸಿಗುತ್ತೆ. ನಿಮ್ಮಮ್ಮ ಮಾತು ಕೊಟ್ಟಿದಾಳೆ."

ಹುಡುಗ ಮೆಟ್ಟಿಲ ಕಡೆ ನೋಡಿದ. ಯಿಟ್ಟಾ ಮೆಟ್ಟಿಲ ಒಂದು ಬದಿಗೆ ಸರಿದಳು. ಕೊಟ್ಟ ಮಾತು ಅವಳದೇ.

ಬಸ್ ಡ್ರೈವರ್ ಮಾತ್ರ ಅವಸರಪಡದೆ ಬೆರಳು ಎತ್ತಿದ. ನಮ್ಮಲ್ಲಿ ಮನುಷ್ಯರನ್ನು ನೇರವಾಗಿ ಎಣಿಸುವುದಿಲ್ಲ, ದೃಷ್ಟಿ ತಾಗುತ್ತದೆ ಎಂದು ಪ್ರತಿ ಸಂಖ್ಯೆಗೂ 'ಅಲ್ಲ' ಸೇರಿಸುತ್ತೇವೆ. "ಒಂದಲ್ಲ, ಎರಡಲ್ಲ, ಮೂರಲ್ಲ..." ಎನ್ನುತ್ತ ಬಡಗಿಯನ್ನು ದಾಟಿ, ಶ್ಮೆಲ್ಕೆಯನ್ನು ದಾಟಿ, ತನ್ನ ಎದೆ ಮುಟ್ಟಿಕೊಂಡು "ಒಂಬತ್ತಲ್ಲ" ಎಂದ. ಆಮೇಲೆ ಬೆರಳನ್ನು ಗೆಟ್ಸೆಲ್‌ನ ಕಡೆ ತಿರುಗಿಸಿದ.

"ಹತ್ತಲ್ಲ. ಶುರು ಮಾಡೋಣ."

ಹತ್ತನೆಯವನು ಎದ್ದುಹೋದರೆ ಉಳಿದವರ ಪ್ರಾರ್ಥನೆ ಕೆಡಿಸಿದ ಪಾಪ. ಇದನ್ನೇ ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದವನು ಗೆಟ್ಸೆಲ್. ಮುಖ ಕೆಂಪಗೆ ಮಾಡಿಕೊಂಡು ನಿಂತ. ಪಿನ್ಯ ಕದ್ದಿಶ್ ಹೇಳಿದ, ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದ. ತಮ್ಮನಲ್ಲವೇ ಸತ್ತದ್ದು.

ಆದರೆ ಅಷ್ಟಕ್ಕೆ ಬಿಡುಗಡೆಯಿಲ್ಲ. ನಕ್ಷತ್ರ ಮೂಡಿದ ಮೇಲೆ ರಾತ್ರಿಯ ಪ್ರಾರ್ಥನೆ, ಅದಕ್ಕೂ ಹತ್ತು ಜನ ಬೇಕು. ನಡುವೆ ಇದ್ದ ಬಿಡುವನ್ನು ಶ್ಮೆಲ್ಕೆ ಹಾಳುಮಾಡುವವನಲ್ಲ. ಹುಡುಗರಿಗೆ ಕೈ ಎತ್ತಿದ. ಪಿನ್ಯ ಒಬ್ಬನೇ ಮುಂದೆ ಬಂದು ಹೆರ್ಶ್ ಮೇಜು ಬಡಿದು ಹೇಳಿಕೊಟ್ಟಿದ್ದ ಹಾಡನ್ನೇ ಎತ್ತಿಕೊಂಡ. ಗೆಟ್ಸೆಲ್ ಗೋಡೆಗೆ ಮುಖ ಮಾಡಿ ನಿಂತ. ಸ್ವಲ್ಪ ಹೊತ್ತಿಗೆ ಅವನ ಬೆರಳು ಗೋಡೆಯ ಮೇಲೆ ತಾಳ ಹಾಕತೊಡಗಿತು, ಅವನಿಗೆ ಅದು ತಿಳಿದಂತೆ ಕಾಣಲಿಲ್ಲ. ಯಿಟ್ಟಾ ಮೆಟ್ಟಿಲ ಮೇಲೆ ಕೂತು ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

ರಾತ್ರಿಯ ಪ್ರಾರ್ಥನೆ ಮುಗಿಸಿ ಗೆಟ್ಸೆಲ್ ಹೊರಗೆ ಬಂದ. ಅವಳು ದಾರಿ ಬಿಡಲಿಲ್ಲ.

"ಝೆಲಿಗ್ ನಾಳೆನೂ ಬರಲ್ಲ ಭಾವ."

"ನಾನು ಇದಕ್ಕೆ ಒಪ್ಪಿಲ್ಲ, ಯಿಟ್ಟಾ."

"ಒಪ್ಪೋದು ಬೇಡ," ಎಂದಳು. "ಬಂದು ನಿಂತ್ಕೊಳ್ಳಿ, ಸಾಕು."