ಮುಂದೆ ಗುಂಡಿಯಿರುವ ಬಿಳಿ ಅಂಗಿ

"ಏನಪ್ಪಾ ನಿನ್ನ ರಗಳೆ? ನಿನ್ನೆ ತಾನೇ ಎಣ್ಣೆ ಕುಡಿಸಿದೀನಲ್ಲ!"

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಮೆಟ್ಟಿಲಿಗೂ ನಡುವೆ ಸಿಕ್ಕಿಹಾಕಿಕೊಂಡಂತಿರುವ ಹೊಲಿಗೆ ಕೋಣೆಯಲ್ಲಿ ಅತ್ತೆ ತಮ್ಮ ಯಂತ್ರವನ್ನು ಬೈಯುತ್ತಿದ್ದಾರೆ. ಯಂತ್ರ ಎರಡು ಸಲ 'ಕಟಕ್' ಎಂದು ಕೆಮ್ಮಿ, ದಾರ ನುಂಗಿ, ಏನೂ ಅರಿಯದ ಕೂಸಿನಂತೆ ಸುಮ್ಮನಾಗುತ್ತದೆ. ಅತ್ತೆ ಕನ್ನಡಕವನ್ನು ಹಣೆಗೇರಿಸಿ ಸೂಜಿಯಡಿಯ ಗೋಜಲನ್ನು ಬಿಡಿಸುತ್ತಾರೆ. ಆಮೇಲೆ ತಲೆಯೆತ್ತಿ ಗೋಡೆಯ ಮೇಲಿನ ಮರದ ಶಿಲುಬೆಯನ್ನು ನೋಡುತ್ತಾರೆ. "ನಿನಗೂ ಸೇರಿಸೇ ಹೇಳ್ತಾ ಇರೋದು. ಕೇಳಿಸ್ತಾ?"

ಹರಿದದ್ದನ್ನು ಹೊಲಿಯುವುದು ಇವರ ಕೆಲಸ. ಹರಿಹಾಯುವುದು ಇವರ ಪ್ರಾರ್ಥನೆ.

ದೊಡ್ಡ ಡಾಕ್ಟರಿಂದ ಗೇಟು ಕಾಯುವವನ ತನಕ ಎಲ್ಲರಿಗೂ ಇವರು 'ಹೊಲಿಗೆ ಅತ್ತೆ'. ಮದುವೆಯಾದವರಲ್ಲ. "ಸೊಸೆ ಇಲ್ಲದ ಅತ್ತೆ ನಾನು. ಅದಕ್ಕೇ ಬೈಯೋಕೆ ಇಡೀ ಆಸ್ಪತ್ರೆ ಇಟ್ಕೊಂಡಿದೀನಿ" ಎನ್ನುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಬಟ್ಟೆ ಇವರ ಮೇಜಿಗೆ ಬಂದು ಬೀಳುತ್ತವೆ. ನಡುವೆ ಸವೆದ ಹಾಸು, ಕೊಕ್ಕೆ ಕಿತ್ತ ಪರದೆ, ಎಲ್ಲಕ್ಕಿಂತ ಹೆಚ್ಚಾಗಿ ಲಾಡಿ ಕಿತ್ತುಹೋದ ರೋಗಿಗಳ ಗೌನು. ಹಿಂದೆ ಪೂರ್ತಿ ತೆರೆದಿರುವ ಈ ಗೌನನ್ನು ಕಂಡರೆ ಅತ್ತೆಗೆ ಮೈಯೆಲ್ಲಾ ಉರಿ. "ಮನುಷ್ಯನಿಗೆ ಮಾನ ಮುಂದುಗಡೆ ಮಾತ್ರ ಇರತ್ತೆ ಅಂತ ಯಾವ ಪುಣ್ಯಾತ್ಮ ಕಂಡುಹಿಡಿದನೋ!"

ಹಿಂದೆ ತೆರೆದಿರುವ ಇನ್ನೊಂದು ಬಟ್ಟೆಯೂ ಈ ಕೋಣೆಯಲ್ಲಿ ತಯಾರಾಗುತ್ತದೆ. ಹಿಂದುಮುಂದಿಲ್ಲದೆ ತೀರಿಕೊಂಡವರಿಗೆ ಆಸ್ಪತ್ರೆಯೇ ಕೊನೆಯ ಅಂಗಿ ತೊಡಿಸುತ್ತದೆ. ಮಲಗಿದ ದೇಹವನ್ನು ಎತ್ತಿ ಕೂರಿಸಲಾಗದು. ಹಾಗಾಗಿ ಅಂಗಿಯ ಬೆನ್ನನ್ನು ಸೀಳಿರುತ್ತಾರೆ, ಮೇಲಿಂದ ಹೊದಿಸಿದರೆ ಮುಗಿಯಿತು. ಮುಂದಿನ ಗುಂಡಿಗಳೂ ತೋರಿಕೆಗೆ. ಕಾಜಾ ಕತ್ತರಿಸುವುದೇ ಇಲ್ಲ, ಗುಂಡಿಯನ್ನು ಬಟ್ಟೆಗೇ ಅಂಟಿಸಿ ಹೊಲಿದುಬಿಡುತ್ತಾರೆ. "ಅದು ಅಂಗಿ ಅಲ್ಲ, ಅಂಗಿ ವೇಷ" ಎನ್ನುತ್ತಾರೆ ಅತ್ತೆ. ಅದನ್ನು ಹೊಲಿಯುವಾಗ ಮಾತ್ರ ಅವರು ಯಾರನ್ನೂ ಬೈಯುವುದಿಲ್ಲ.

ಈಗ ಅವರ ಮೇಜಿನ ಅಂಚಿನಲ್ಲಿ ಮಡಿಚಿಟ್ಟ ಒಂದು ಬಿಳಿ ಅಂಗಿ ಇದೆ. ಇಂಥದ್ದೇ ಕೊನೆಯ ಅಂಗಿಯಾಗಲೆಂದು ಮನೆಯವರು ಬಟ್ಟೆ ತಂದುಕೊಟ್ಟದ್ದು. ತೊಡಬೇಕಾದವನು ಮೇಲಿನ ಮಹಡಿಯ ಕೊನೆಯ ವಾರ್ಡಿನಲ್ಲಿದ್ದಾನೆ. ಅತ್ತೆಯ ತಮ್ಮ.

ತಾಯಿ ತೀರಿಕೊಂಡಾಗ ತಮ್ಮ ಇನ್ನೂ ತೊದಲುತ್ತಿದ್ದ. ಎತ್ತಿ ಆಡಿಸಿದವರು, ಮೂಗು ಒರೆಸಿದವರು, ಬೆನ್ನಿಗೆ ಬಾರಿಸಿದವರು ಎಲ್ಲಾ ಈ ಅಕ್ಕನೇ. ಅವನು ಗೋಡೆಗೆ ಬಣ್ಣ ಬಳಿಯುವ ಕೆಲಸ ಹಿಡಿದ. ಕಳೆದ ಚಳಿಗಾಲದಲ್ಲಿ ಎತ್ತರದ ಏಣಿಯಿಂದ ಬಿದ್ದವನು ಅಂದಿನಿಂದ ಮಾತಾಡಿಲ್ಲ, ಕೈ ಎತ್ತಿಲ್ಲ, ಯಾರ ಗುರುತೂ ಹಿಡಿದಿಲ್ಲ. ಕಣ್ಣು ತೆರೆಯುತ್ತಾನೆ, ಆ ಕಣ್ಣು ಛಾವಣಿಯಲ್ಲೇ ಉಳಿದುಬಿಡುತ್ತದೆ. "ಛಾವಣಿಗೆ ಬಣ್ಣ ಸರಿಯಾಗಿ ಬಳಿದಿಲ್ಲ ಅಂತ ನೋಡ್ತಾ ಇರ್ತಾನೆ, ಕೆಲಸದ ಬುದ್ಧಿ" ಎಂದು ಅತ್ತೆ ನಗಿಸುತ್ತಾರೆ. ತಾವು ನಗುವುದಿಲ್ಲ.

ತಮ್ಮನನ್ನು ನೋಡಲು ಬಂದವರ ಅನುಕರಣೆಯಲ್ಲಿ ಅತ್ತೆಯದು ಎತ್ತಿದ ಕೈ. ಡಾಕ್ಟರ ಗಂಟಲು ತಂದುಕೊಂಡು, ಗಡಿಯಾರ ನೋಡುತ್ತಾ, "ಆಸೆ ಇಟ್ಕೋಬೇಡೀಮ್ಮಾ... ಆದ್ರೂ ನೋಡೋಣ... ನೋಡೋಣ..." ಎನ್ನುತ್ತಾರೆ. "ನೋಡ್ತಾನೇ ಇದೀರಲ್ಲಪ್ಪಾ, ನಾಟಕಾನಾ ಇದು?" ದೂರದ ಚಿಕ್ಕಮ್ಮನ ಸರದಿ ಬಂದರೆ ಧ್ವನಿ ಮೂಗಿಗೆ ಇಳಿಯುತ್ತದೆ: "ಎಲ್ಲಾ ಒಳ್ಳೇದಕ್ಕೇ ಕಣೇ... ದೇವರು ತನಗೆ ಇಷ್ಟವಾದೋರನ್ನೇ ಕರ್ಕೊಳ್ಳೋದು..." ಆಮೇಲೆ ತಮ್ಮದೇ ಧ್ವನಿಯಲ್ಲಿ, "ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ. ಯಾಕೆ ಕರ್ಕೊಂಡಿಲ್ಲ ಅಂತ ನಾನೇನಾದ್ರೂ ಕೇಳಿದ್ನಾ?"

ಒಮ್ಮೆ ಪಾದ್ರಿಗಳು ಈ ಬೈಗುಳದ ಪ್ರಾರ್ಥನೆಯನ್ನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರಂತೆ. ಗಾಬರಿಯಿಂದ, "ನಂಬಿಕೆ ಗಟ್ಟಿ ಇದೆ ತಾನೇ ಅಮ್ಮಾ?" ಎಂದರಂತೆ.

"ಇಲ್ದಿದ್ರೆ ಯಾರ ಜೊತೆ ಜಗಳ ಆಡ್ತಾ ಇದೀನಿ ಸ್ವಾಮಿ? ಗೋಡೆ ಜೊತೆನಾ?"

ಇಂಥ ಅತ್ತೆಯನ್ನು ತೆಪ್ಪಗಾಗಿಸಿದವನು ಜಗತ್ತಿನಲ್ಲಿ ಒಬ್ಬನೇ, ಒಬ್ಬ ಬಸ್ ಡ್ರೈವರ್. ಕೆಲವು ವರ್ಷಗಳ ಹಿಂದೆ ಅವನು ಅದೇ ಕೊನೆಯ ವಾರ್ಡಿನಲ್ಲಿದ್ದ. ವಾರ್ಡಿನವರು ಮನೆಗೆ ತೊಟ್ಟು ಹೋಗುವ ಅಂಗಿಯನ್ನು ಅತ್ತೆ ತಾವೇ ಒಗೆಸಿ, ಇಸ್ತ್ರಿ ಮಾಡಿ, ಹಾಸಿಗೆಯೆದುರಿನ ಮೊಳೆಗೆ ನೇತುಹಾಕುತ್ತಾರೆ. ಹೋಗುವ ದಿನವೊಂದು ಇದೆ ಎಂದು ರೋಗಿಯ ಕಣ್ಣಿಗೆ ಕಾಣುತ್ತಿರಲಿ ಎಂದು. ಡ್ರೈವರ್ ದಿನೇ ದಿನೇ ಇಳಿದುಹೋದ. ಅಂಗಿ ಗೂಟಕ್ಕೆ ಹಾಕಿದ ಗೋಣಿಯಂತೆ ಕಾಣಬಾರದಲ್ಲ ಎಂದು ಅತ್ತೆ ಎರಡೂ ಪಕ್ಕ ಒಳಗೆ ಮಡಿಚಿ ಹೊಲಿದು ಹಿಡಿಸಿದರು. ಮತ್ತೆ ಇಳಿದ, ಮತ್ತೆ ಹಿಡಿಸಿದರು. ಒಳಗೆ ಉಳಿದ ಬಟ್ಟೆ ದಪ್ಪವಾಯಿತೆಂದು ಕತ್ತರಿಸಿ ಬುಟ್ಟಿಗೆ ಹಾಕಿದರು. ಆ ಮನುಷ್ಯ ಎಲ್ಲರ ಲೆಕ್ಕ ತಪ್ಪಿಸಿ ಎದ್ದು ಕೂತ. ಗಬಗಬ ತಿಂದ. ಹೊರಡುವ ದಿನ ಅಂಗಿ ತೊಟ್ಟರೆ ಹೊಟ್ಟೆಯ ಮೇಲೆ ಒಂದು ಗುಂಡಿಯೂ ಸೇರಲಿಲ್ಲ!

"ಏನತ್ತೇ, ನಾನು ಸಾಯ್ತೀನಿ ಅಂತ ಅಳತೆ ತಗೊಂಡಿದ್ರಾ?" ಎಂದನಂತೆ, ಎದೆ ತೆರೆದುಕೊಂಡೇ ಹೊರಟ ಡ್ರೈವರ್.

ಅವನು ತಮಾಷೆಗೆ ಹೇಳಿದ್ದು. ಅತ್ತೆಗೆ ಇವತ್ತಿಗೂ ಅದು ತಮಾಷೆಯಲ್ಲ. "ಬಾಯಲ್ಲಿ ಯೇಸಪ್ಪಾ ಯೇಸಪ್ಪಾ ಅಂತಿದ್ದೆ. ಕೈ ಮಾತ್ರ ಕಾಯಿಲೆ ಹೇಳಿದ ಹಾಗೆ ಕೇಳ್ತಿತ್ತು." ಅಂದಿನಿಂದ ಈ ಕೋಣೆಯಲ್ಲಿ ರೋಗಿಯ ಬಟ್ಟೆಯನ್ನು ಹಿಡಿಸುವುದುಂಟು, ಕತ್ತರಿಸುವುದಿಲ್ಲ. ಮಿಕ್ಕದ್ದೆಲ್ಲ ಒಳಗೆ ಮಡಿಕೆ.

ಬಾಗಿಲಲ್ಲಿ ನೆರಳು ಬೀಳುತ್ತದೆ. ದೊಡ್ಡಣ್ಣ. ಅತ್ತೆಯ ಅಣ್ಣ, ಮರಗೆಲಸದವರು. ತಮ್ಮನ ಶವಪೆಟ್ಟಿಗೆಗೆಂದು ಹಲಗೆ ಆರಿಸಿ ಒರಗಿಸಿಟ್ಟಿದ್ದಾರೆ. ಬಿಳಿ ಬಟ್ಟೆ ತಂದುಕೊಟ್ಟವರೂ ಅವರೇ. ಕಲ್ಲೆದೆಯವರಲ್ಲ. ಕೊನೆಯ ಗಳಿಗೆಯಲ್ಲಿ ಬೇರೆಯವರ ಕೈಕಾಲು ಹಿಡಿಯಬಾರದೆನ್ನುವ ಜಾತಿ. ಅಂಗಿ ಒಯ್ಯಲು ಬಂದಿದ್ದಾರೆ. ಬಿಡಿಸಿ ನೋಡುತ್ತಾರೆ, ತಿರುಗಿಸಿ ನೋಡುತ್ತಾರೆ.

"ಬೆನ್ನು ಮುಚ್ಚಿಬಿಟ್ಟಿದೀಯಲ್ಲೇ!"

"ಬೆನ್ನು ಅಂದ್ಮೇಲೆ ಮುಚ್ಚೇ ಇರತ್ತೆ."

"ಕಾಜಾ ಬೇರೆ ಕತ್ತರಿಸಿದೀಯ. ಇದೇನು, ಜೇಬು? ಪೆನ್ಸಿಲ್ ಇಡೋಕಾ? ಏನು ತಲೆ ಕೆಟ್ಟಿದೆಯಾ ನಿನಗೆ? ಇದನ್ನ ತೊಡಿಸಬೇಕಂದ್ರೆ ಅವನನ್ನ ಎತ್ತಿ ಕೂರಿಸ್ಬೇಕು!"

"ಕೂರಿಸು. ಯಾರು ಬೇಡ ಅಂದ್ರು?"

"ಎಷ್ಟು ದಿನ ಹೀಗೇ ಮೊಂಡು ಹಿಡೀತೀಯೇ ನೀನು? ನನಗೂ ಸಾಕಾಗಿದೆ." ದೊಡ್ಡಣ್ಣ ಅಂಗಿಯನ್ನು ಮೇಜಿನ ಮೇಲೆ ಹಾಕಿಬಿಡುತ್ತಾರೆ. ಅಣ್ಣನ ತಲೆಯಲ್ಲಿರುವುದು ತೋಡಬೇಕಾದ ಒಂದು ಗುಂಡಿ, ತಂಗಿಯ ಕೈಯಲ್ಲಿರುವುದು ಹಾಕಬೇಕಾದ ಆರು.

"ಯೇಸಪ್ಪನೂ ಬಡಗಿ, ನೀನೂ ಬಡಗಿ. ಅವನು ಸಮಾಧಿ ಕಲ್ಲು ತೆಗೆಸ್ದ, ನೀನು ಹಲಗೆ ಜೋಡಿಸ್ತೀಯ. ಬಾ, ಅಳತೆ ಸರಿ ಇದೆಯಾ ನೋಡೋಣ." ಅಂಗಿ ಎತ್ತಿಕೊಂಡು, ಟೇಪನ್ನು ಕೊರಳಿಗೆ ಹಾಕಿಕೊಂಡು ಅತ್ತೆ ಮೆಟ್ಟಿಲು ಹತ್ತುತ್ತಾರೆ. ದೊಡ್ಡಣ್ಣ ಗೊಣಗುತ್ತಾ ಹಿಂಬಾಲಿಸುತ್ತಾರೆ. ಗೊಣಗು ಈ ಮನೆತನದ ಆಸ್ತಿ.

ವಾರ್ಡಿನ ನರ್ಸು ಕೊಳವೆಗಳನ್ನು ಪಕ್ಕಕ್ಕೆ ಸರಿಸಿಕೊಟ್ಟು, "ಬೇಗ ಮುಗಿಸಿ ಅತ್ತೇ, ಡಾಕ್ಟ್ರು ಬರ್ತಾರೆ" ಎನ್ನುತ್ತಾರೆ. ದೊಡ್ಡಣ್ಣ ತಮ್ಮನ ಕಂಕುಳಿಗೆ ಕೈಕೊಟ್ಟು ಎತ್ತುತ್ತಾರೆ. ಹಲಗೆ ಎತ್ತಿ ಪಳಗಿದ ತೋಳು. ತಮ್ಮ ಇಷ್ಟು ಹಗುರವಿರುತ್ತಾನೆಂದು ಎಣಿಸಿರಲಿಲ್ಲವೋ ಏನೋ, ಒಂದು ಹೆಜ್ಜೆ ತಡವರಿಸುತ್ತಾರೆ. ತಮ್ಮ ಕೂತಿದ್ದಾನೆ. ತಲೆ ವಾಲಿ ಅಣ್ಣನ ಹೆಗಲಿಗೆ ಬೀಳುತ್ತದೆ. ಅತ್ತೆ ಒಂದು ತೋಳು ತೂರಿಸಿ, ಬೆನ್ನು ಎಳೆದು, ಇನ್ನೊಂದು ತೋಳು ತೂರಿಸಿ ಗುಂಡಿಗಳನ್ನು ಹಾಕುತ್ತಾರೆ.

ಏನೂ ಆಗುವುದಿಲ್ಲ. ಕಣ್ಣು ಅದೇ ಛಾವಣಿಗೆ. ಬೆರಳು ಅಲುಗುವುದಿಲ್ಲ. "ಒಂದು 'ಹೂಂ' ಅಂದಿದ್ರೆ ಗಂಟು ಹೋಗ್ತಿತ್ತಾ ನಿಂದು?" ಎಂದು ಅತ್ತೆ ಬೈಯುವುದು ತಮ್ಮನಿಗೋ ಮೇಲಿನವನಿಗೋ ತಿಳಿಯದು.

ಅಂಗಿ ತುಂಬಾ ದೊಡ್ಡದು. ಬೀಳುವ ಮೊದಲಿನ ತಮ್ಮನ ಅಳತೆಗೇ ಹೊಲಿದಿದ್ದಾರೆ. ಅಣ್ಣನ ಮುಂದೆ ಈಗ ಅದು ಬಯಲಾಗಿದೆ. ಅತ್ತೆ ಸೋತವರಂತೆ ಒಂದು ಕೈಯಲ್ಲಿ ಪಕ್ಕ ಚಿವುಟಿ ಹಿಡಿದು, ಜೋತುಬಿದ್ದ ಬಟ್ಟೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ಅವರ ಇನ್ನೊಂದು ಕೈ ಮೆಲ್ಲಗೆ ಸೆರಗಿನಲ್ಲಿ ಸಿಕ್ಕಿಸಿದ ಕತ್ತರಿಗೆ ಹೋಗುತ್ತದೆ.

"ಕತ್ತರಿಸ್ಬೇಡ" ಎನ್ನುತ್ತಾರೆ ದೊಡ್ಡಣ್ಣ. ತಮ್ಮನ ತಲೆ ಇನ್ನೂ ಅವರ ಹೆಗಲ ಮೇಲಿದೆ. "ಕತ್ತರಿಸಿದ್ದು ಆಮೇಲೆ ಉದ್ದ ಆಗಲ್ಲ ಕಣೇ. ಮಡಿಚು."

ಅತ್ತೆ ಎರಡೂ ಪಕ್ಕ ಮಡಿಚಿ ಗುಂಡುಸೂಜಿ ಚುಚ್ಚಿ, ಅಂಗಿಯನ್ನು ತಮ್ಮನ ಮೈಯಿಂದ ತೆಗೆಯುತ್ತಾರೆ. ದೊಡ್ಡಣ್ಣ ಅಂಗಿಯನ್ನು ಒಯ್ಯದೆ ಕೆಲಸಕ್ಕೆ ಹೋಗುತ್ತಾರೆ. ಹಾಸಿಗೆಯೆದುರು ಖಾಲಿಯಿದ್ದ ಮೊಳೆಯನ್ನು ಹೋಗುವಾಗ ಒಮ್ಮೆ ಅಲ್ಲಾಡಿಸಿ, ಗಟ್ಟಿಯಾಗಿದೆಯೇ ಎಂದು ನೋಡುತ್ತಾರೆ.

ಹೊಲಿಗೆ ಕೋಣೆಯಲ್ಲಿ ಗೌನುಗಳ ಗುಡ್ಡೆ ಬೆಳೆದಿದೆ. ಅತ್ತೆ ಯಂತ್ರಕ್ಕೆ ಕೈಹಾಕದೆ, ಬಿಳಿ ಅಂಗಿಯ ಪಕ್ಕಗಳನ್ನು ಕೈಯಲ್ಲೇ ಹೊಲಿಯುತ್ತಿದ್ದಾರೆ. ಅವರಿಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಹುಬ್ಬು ಗಂಟಿಕ್ಕುತ್ತಾರೆ.

"ದೊಡ್ಡದೇನಿಲ್ಲ. ಸತ್ತು ನಾಲ್ಕು ದಿನ ಆದವನನ್ನ ಯೇಸಪ್ಪ ಸಮಾಧಿಯಿಂದ ಕರೆದನಲ್ಲ, ಆಗ ಮೈಗೆ ಸುತ್ತಿದ ಬಟ್ಟೆ ಬಿಚ್ಚೋ ಕೆಲಸ ಪಕ್ಕದಲ್ಲಿ ನಿಂತೋರಿಗೇ ಬಿಟ್ಟ. ಎಬ್ಬಿಸೋದು ಅವನ ತಲೆನೋವು, ನಾನದಕ್ಕೆ ಕೈ ಹಾಕಲ್ಲ. ಬಿಚ್ಚೋ ಕೆಲಸ ನನಗೆ ಕೊಡ್ಲಿ, ಸಾಕು." ದಾರವನ್ನು ಹಲ್ಲಿನಲ್ಲಿ ಕಡಿದು, ಅಂಗಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಮುಖದಲ್ಲಿ ಕೋಪ ಹಾಗೇ ಇದೆ, ಅದರ ಹಿಂದಿನಿಂದ ಇನ್ನೇನೋ ಇಣುಕುತ್ತಿದೆ. "ನೋಡಿ, ಹೊಲಿಗೆ ಸಡಿಲವಾಗೇ ಹಾಕಿದೀನಿ. ಒಂದು ಎಳೆ ಎಳೆದ್ರೆ ಪೂರ್ತಿ ಬಿಚ್ಕೊಳ್ಳತ್ತೆ."