ಮೂರು ಹೊಲಿಗೆ ಹಸಿರು ದಾರ

ಐದು ನಲವತ್ತರ ಮೊದಲ ಬಸ್ಸು ಹೊರಡಲು ಇನ್ನೆರಡು ನಿಮಿಷವಿದೆ. ಐವತ್ತೊಂದು ವರ್ಷದ ಸಣಕಲು ಮೈಯ ಹೆಂಗಸೊಬ್ಬರು ಮುಂಬಾಗಿಲಿನಿಂದ ಹತ್ತುತ್ತಾರೆ. ಹೆಗಲ ಚೀಲದಿಂದ ಮಡಿಸಿದ ಬೂದುಬಣ್ಣದ ಪ್ಯಾಂಟೊಂದನ್ನು, ಅದೂ ಗಂಡಸರ ಪ್ಯಾಂಟನ್ನು, ತೆಗೆದು ಡ್ರೈವರ್ ಕೈಗೆ ಕೊಡುತ್ತಾರೆ. ಡ್ರೈವರ್ ಸೀಟಿನಿಂದ ಅರ್ಧ ಎದ್ದು, ಅದನ್ನು ಅಡಿಗೆ ಹಾಕಿಕೊಂಡು, ಚೆನ್ನಾಗಿ ಒತ್ತಿ ಕೂರುತ್ತಾರೆ. ದಿನಾ ಬರುವವರು ಯಾರೂ ತಿರುಗಿ ನೋಡುವುದಿಲ್ಲ. ಹೊಸಬರು ಮಾತ್ರ ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

"ತೊಂಬತ್ತೆರಡು ಕಿಲೋ ಇದ್ದೀನಿ ಅಂತ ಮನೇಲಿ ಎಲ್ಲರೂ ಬೈತಾರೆ. ಅದಕ್ಕೊಂದು ಬೆಲೆ ಕೊಟ್ಟೋರು ಈ ಅಕ್ಕ ಒಬ್ರೇ" ಎಂದು ಡ್ರೈವರ್ ನಗುತ್ತಾರೆ. ಇಂದು ಅಕ್ಕ ನಗುವುದಿಲ್ಲ. ಡ್ರೈವರ್ ಹಿಂದಿನ ಸೀಟಿನ ತುದಿಯಲ್ಲಿ ಕೂತು, ಕಂಬಿ ಹಿಡಿದುಕೊಂಡು, ಐವತ್ತು ನಿಮಿಷವೂ ಆ ಬೂದು ಬಟ್ಟೆಯ ಅಂಚನ್ನೇ ನೋಡುತ್ತಿರುತ್ತಾರೆ.

ಇವರು ರೈಲು ನಿಲ್ದಾಣದ ಎದುರಿನ ಗಂಡಸರ ಬಟ್ಟೆ ಅಂಗಡಿಯ ಮೊದಲ ಮಹಡಿಯವರು. ಒಂದೇ ಕೈಚೀಲದಲ್ಲಿ ಊರೂರು ಸುತ್ತುವವರಿಗೆ, ಇಸ್ತ್ರಿ ಇಲ್ಲದೆಯೂ ನೆಟ್ಟಗೆ ಕಾಣುವ ಬಟ್ಟೆ ಆರಿಸಿಕೊಡುವುದು ಇವರ ಕೆಲಸ. ಬಟ್ಟೆ ಕಂಡಲ್ಲೆಲ್ಲ ಅದರ ಮೂಲೆ ಹಿಡಿದು ಮುದುರಿ ನೋಡುವ ಚಟದಿಂದ ಇವರಿಗೆ 'ಮುದುರಕ್ಕ' ಎಂಬ ಹೆಸರು ಬಿದ್ದು ಹದಿಮೂರು ವರ್ಷವಾಗಿದೆ. ಈಗ ನಿಜವಾದ ಹೆಸರು ಹಿಡಿದು ಕರೆದರೆ ಅವರೇ ಒಮ್ಮೆಗೆ ತಿರುಗುವುದಿಲ್ಲ.

ಮುದುರಕ್ಕನ ಪರೀಕ್ಷೆಯಲ್ಲಿ ಪಾಸಾದ ಬಟ್ಟೆಗೆ ಸೊಂಟದ ಪಟ್ಟಿಯ ಒಳಗೆ ಹಸಿರು ದಾರದಲ್ಲಿ ಮೂರು ಹೊಲಿಗೆ ಬೀಳುತ್ತದೆ. ಹಳೆಯ ಗಿರಾಕಿಗಳು ಕಂಪನಿಯ ಚೀಟಿ ಓದುವುದಿಲ್ಲ, ಬೆಲೆಯನ್ನೂ ಕೇಳುವುದಿಲ್ಲ, ಮೊದಲು ಪಟ್ಟಿ ಮಗುಚಿ ದಾರ ಹುಡುಕುತ್ತಾರೆ. ಆ ದಾರಕ್ಕೇ ಈಗ ಕುತ್ತು ಬಂದಿದೆ. ಅಂಗಡಿಗೆ ಮೊದಲಿನಿಂದ ಬಟ್ಟೆ ಕೊಡುತ್ತಿದ್ದ ಮಿಲ್ಲು ಬಾಗಿಲು ಹಾಕಿದೆ. ಯಜಮಾನರು ಹೊಸ ಮಿಲ್ಲಿನಿಂದ ಆರುನೂರು ಪ್ಯಾಂಟು ತರಿಸಿ, 'ಸುಕ್ಕೇ ಬೀಳದು' ಎಂಬ ಬೋರ್ಡನ್ನೂ ಬಾಗಿಲಿಗೆ ನೇತುಹಾಕಿಬಿಟ್ಟಿದ್ದಾರೆ. ಶನಿವಾರ ಅಂಗಡಿ ತೆರೆಯುವ ಹೊತ್ತಿಗೆ ಆರುನೂರಕ್ಕೂ ದಾರ ಹಾಕುವ ಕೆಲಸ ಶುರುವಾಗಿರಬೇಕು, ಇಲ್ಲದಿದ್ದರೆ ಮುಂದಿನ ಒಂದನೇ ತಾರೀಕಿನಿಂದ ಮೇಲಿನ ಮಹಡಿಯಲ್ಲಿ ಶೂ ಮಾರುತ್ತೇವೆ ಎಂದು ಗುರುವಾರವೇ ಹೇಳಿದ್ದಾರೆ. ಶೂ ಬಂದರೆ ಮುದುರಕ್ಕನಿಗೂ ಕೈಕೆಳಗಿನ ಇಬ್ಬರು ಹೊಲಿಗೆಯವರಿಗೂ ಅಲ್ಲಿ ಕೆಲಸವಿಲ್ಲ. ಇವತ್ತು ಶನಿವಾರ.

ಹೊಸ ಬಟ್ಟೆ ಎರಡು ಪರೀಕ್ಷೆ ದಾಟಿದೆ. ಮುಷ್ಟಿಯಲ್ಲಿ ಹಿಡಿದು ಮೂವತ್ತು ಎಣಿಸಿ ಬಿಟ್ಟರೆ ಸಲೀಸಾಗಿ ಬಿಡಿಸಿಕೊಂಡಿದೆ. ಬೇಸಿನ್ನಿನಲ್ಲಿ ಒಗೆದು ಹಿಂಡಿ ಹರವಿದರೆ ಬೆಳಗಾಗುವಷ್ಟರಲ್ಲಿ ಒಣಗಿದೆ. ಉಳಿದಿರುವುದು ಮೂರನೆಯದು: ಬೆವರು, ಬಿಸಿ, ಭಾರ. ಬೆವರಿನ ಬದಲಿಗೆ ಮನೆಯಿಂದ ಹೊರಡುವಾಗಲೇ ಒಂದು ಬೊಗಸೆ ನೀರು ಚಿಮುಕಿಸಿದ್ದಾರೆ. ಬಿಸಿಗೆ ಬಸ್ಸಿನ ಎಂಜಿನ್ನಿದೆ, ಭಾರಕ್ಕೆ ಡ್ರೈವರ್ ಇದ್ದಾರೆ. "ಪಾಸಾಗಪ್ಪಾ, ಇವತ್ತೊಂದು ದಿನ ಪಾಸಾಗಿಬಿಡು ಅಂತ ಬಟ್ಟೆಗೆ ಬೇಡ್ಕೊಂಡೆ. ಹಂಗೆ ಯಾವತ್ತೂ ಬೇಡ್ಕೊಂಡೋಳಲ್ಲ ನಾನು" ಎನ್ನುತ್ತಾರೆ ಅವರು.

ಕೊನೆಯ ನಿಲ್ದಾಣ ಬರುತ್ತದೆ. ಡ್ರೈವರ್ ಎದ್ದು ಪ್ಯಾಂಟನ್ನು ಒಪ್ಪಿಸಿ ಚಹಾಕ್ಕೆ ಹೋಗುತ್ತಾರೆ. ಮುದುರಕ್ಕ ಅದನ್ನು ಬಸ್ಸಿನ ಕಂಬಿಗೆ ತೂಗುಹಾಕಿ ಗಡಿಯಾರ ನೋಡುತ್ತಾರೆ. ಎಂಟು ನಿಮಿಷದಲ್ಲಿ ಗೆರೆಗಳೆಲ್ಲ ತಾವಾಗಿ ಇಳಿದುಹೋಗಬೇಕು. ಮೂರು ನಿಮಿಷಕ್ಕೆ ಮೊಣಕಾಲಿನ ಸುಕ್ಕು ಇಳಿಯುತ್ತದೆ. ಐದು ನಿಮಿಷಕ್ಕೆ ತೊಡೆಯದು ಮಸುಕಾಗುತ್ತದೆ. ಹಿಂಬದಿಯಲ್ಲಿ, ಕೂರುವ ಜಾಗದಲ್ಲಿ ಅಡ್ಡಕ್ಕೆ ಬಿದ್ದ ಎರಡು ಗೆರೆ ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಒದ್ದೆ ಅಂಗೈಯಲ್ಲಿ ಒಮ್ಮೆ ಸವರುತ್ತಾರೆ. ಎಂಟು ನಿಮಿಷ ಮುಗಿದು ಹನ್ನೆರಡಾದರೂ ಅವರು ಅಲ್ಲೇ ನಿಂತಿದ್ದಾರೆ. ಕೊನೆಗೆ ಕಂಡಕ್ಟರ್ ಬಂದು, ಬಸ್ಸು ತೊಳೆಯಬೇಕು ಇಳೀರಿ ಅಕ್ಕಾ ಎನ್ನುತ್ತಾನೆ.

ಈ ಭಾರದ ಪರೀಕ್ಷೆಯ ಹಿಂದೆ ಒಂದು ತಪ್ಪಿನ ಕತೆಯಿದೆ. ಮುದುರಕ್ಕ ಮೊದಲು ಲಾಂಡ್ರಿಯಲ್ಲಿದ್ದವರು. ಹತ್ತೊಂಬತ್ತನೆಯ ವಯಸ್ಸಿನಿಂದ ಹದಿನೆಂಟು ವರ್ಷ, ದಿನಕ್ಕೆ ನೂರಿಪ್ಪತ್ತು ಅಂಗಿಯಂತೆ ಇಸ್ತ್ರಿ ಮಾಡಿದ ಬಲಗೈಯ ಮಣಿಕಟ್ಟಿನಲ್ಲಿ ಸುಟ್ಟ ಕಲೆ ಇನ್ನೂ ಇದೆ. ಇಸ್ತ್ರಿ ಬೇಡದ ಬಟ್ಟೆಗಳು ಬಂದವು, ಲಾಂಡ್ರಿ ಮುಚ್ಚಿತು. "ಸುಕ್ಕು ಬೀಳದ ಬಟ್ಟೆ ನನ್ನ ಹೊಟ್ಟೆ ಮೇಲೆ ಹೊಡೀತು. ಅದನ್ನೇ ಹಿಡ್ಕೊಂಡು ಹೊಟ್ಟೆ ತುಂಬಿಸ್ಕೊಂಡೆ" ಎಂದು ಅವರು ಯಾವ ಬೇಸರವೂ ಇಲ್ಲದೆ ಹೇಳುತ್ತಾರೆ. ಅಂಗಡಿಗೆ ಸೇರಿದ ಮೇಲೆ ಹೊಸ ಪ್ಯಾಂಟುಗಳನ್ನು ಬಸ್ಸಿನಲ್ಲಿ ತಾವೇ ಅಡಿಗೆ ಹಾಕಿಕೊಂಡು ಕೂತು ನೋಡುತ್ತಿದ್ದರು. ಹಾಗೆ ಪಾಸಾದ ಕಂದುಬಣ್ಣದ ಹದಿನೆಂಟು ಪ್ಯಾಂಟು ಆರು ವರ್ಷದ ಹಿಂದೆ ಹಸಿರು ದಾರದೊಂದಿಗೆ ಮಾರಾಟವಾದವು. ಒಬ್ಬ ಗಿರಾಕಿ ಅದನ್ನು ತೊಟ್ಟು ಎಂಟು ಗಂಟೆ ರೈಲಿನಲ್ಲಿ ಕೂತು, ಇಳಿದವರೇ ನೇರ ಹೊಸ ಕೆಲಸದ ಸಂದರ್ಶನಕ್ಕೆ ಹೋದರು. ವಾಪಸ್ ಬಂದು, ಹಿಂಬದಿಯೆಲ್ಲ ಸುಕ್ಕಾಗಿದ್ದ ಆ ಪ್ಯಾಂಟನ್ನು ಮೇಜಿನ ಮೇಲಿಟ್ಟು, ಒಂದೂ ಮಾತಾಡದೆ ಹೊರಟುಹೋದರು.

"ಬೈದಿದ್ರೆ ಸಮಾಧಾನ ಆಗ್ತಿತ್ತು. ಸುಮ್ನೆ ಇಟ್ಟು ಹೋದ್ರಲ್ಲ, ಅದು ಇವತ್ತಿಗೂ ಚುಚ್ಚತ್ತೆ." ತಪ್ಪೆಲ್ಲಿ ಎಂದು ತಿಳಿಯಲು ಅವರಿಗೆ ಒಂದು ತಿಂಗಳು ಬೇಕಾಯಿತು. ಒಂದು ಬೆಳಿಗ್ಗೆ ಬಸ್ಸಿಳಿಯುವಾಗ ಡ್ರೈವರ್ ಪ್ಯಾಂಟಿನ ಹಿಂದಿನ ಗೆರೆಗಳು ಕಂಡವು. ತಿರುಗಿ ತಮ್ಮ ಬಟ್ಟೆ ನೋಡಿಕೊಂಡರು, ಏನೂ ಇರಲಿಲ್ಲ. ಗಂಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸುತ್ತಾರೆ. ಅಂದೇ ಅಲ್ಲಿಗೆ ಹೋಗಿ ತೂಕದ ಯಂತ್ರ ಹತ್ತಿದರು. ನಲವತ್ತನಾಲ್ಕು ಕಿಲೋ. ನಲವತ್ತನಾಲ್ಕು ಕಿಲೋ ಹೆಂಗಸು ಕೂತು ಪಾಸು ಮಾಡಿದ ಪ್ಯಾಂಟನ್ನು ಎಂಬತ್ತು ಕಿಲೋ ಗಂಡಸು ತೊಟ್ಟಿದ್ದ! ಹದಿನೆಂಟರಲ್ಲಿ ಹನ್ನೊಂದು ಮಂದಿಯನ್ನು ಹುಡುಕಿ ಹಿಡಿದು ಬೇರೆ ಪ್ಯಾಂಟು ಕೊಟ್ಟರು. ಉಳಿದ ಏಳು ಜನ ಸಿಗಲಿಲ್ಲ. ಡ್ರೈವರ್ ಸೀಟಿನ ಪರೀಕ್ಷೆ ಶುರುವಾಗಿದ್ದು ಅಲ್ಲಿಂದ.

"ಏನು ಕೆಲಸ ನಿನ್ನ ಸೊಸೇದು ಅಂತ ಕೇಳಿದ್ರೆ ನಾನೇನು ಹೇಳ್ಲಿ? ಗಂಡಸರ ಪ್ಯಾಂಟಿನ ಹಿಂಭಾಗ ನೋಡೋ ಕೆಲಸ ಅನ್ನೋಕಾಗತ್ತಾ?" ಎಂದು ಅತ್ತೆ ಈಗಲೂ ಗೊಣಗುತ್ತಾರೆ. ಗೊಣಗಿದರೂ ಸೊಸೆಯ ಊಟದ ಡಬ್ಬಿಯನ್ನು ನಾಲ್ಕೂವರೆಗೆ ಎದ್ದು ತುಂಬಿಸುವವರು ಅವರೇ.

ಒಂಬತ್ತೂವರೆಗೆ ಮುದುರಕ್ಕ ಬೂದು ಪ್ಯಾಂಟನ್ನು ಯಜಮಾನರ ಮುಂದೆ ಹರವುತ್ತಾರೆ. ಯಜಮಾನರು ಕೆಟ್ಟವರಲ್ಲ. ಲಾಂಡ್ರಿಯಿಂದ ಬಂದ ಹೆಂಗಸಿಗೆ ಕೌಂಟರ್ ಬಿಟ್ಟುಕೊಟ್ಟವರು ಅವರೇ. ಆದರೆ ಎಂಟು ದಿನದಿಂದ ಆರುನೂರು ಪ್ಯಾಂಟಿನ ಡಬ್ಬಗಳು ಮೆಟ್ಟಿಲ ಮೇಲೂ ಕೂತಿವೆ, ಮನುಷ್ಯರು ಓಡಾಡಲು ಜಾಗವಿಲ್ಲ.

"ಎರಡು ಗೆರೆ. ಅದೂ ಹಿಂದುಗಡೆ. ಯಾರಮ್ಮ ನೋಡ್ತಾರೆ?"

"ಹಿಂದೆ ಇರೋರು ನೋಡ್ತಾರೆ ಯಜಮಾನ್ರೇ."

"ಮಿಲ್ಲಿನೋರೇ ಚೀಟಿ ಅಂಟಿಸಿ ಕಳಿಸಿದ್ದಾರೆ. ನಿನ್ನ ದಾರ ಅದಕ್ಕಿಂತ ದೊಡ್ಡದಾ?"

"ಚೀಟಿ ಬೇಕಾದ್ರೆ ಇರ್ಲಿ. ಮಾಮೂಲಿ ಪ್ಯಾಂಟು ಅಂತ ಮಾರಿ, ಬಟ್ಟೆ ಒಳ್ಳೇದೇ. ದಾರ ಮಾತ್ರ ನಾನು ಹಾಕಲ್ಲ."

"ಹಾಕಲ್ವಾ?"

"ಇಲ್ಲ."

ಹೊಲಿಗೆಯವರಿಬ್ಬರೂ ಸೂಜಿ ಹಿಡಿದ ಕೈ ಹಿಡಿದಂತೆಯೇ ಕೂತಿದ್ದಾರೆ. ಯಜಮಾನರ ಕಿವಿ ಕೆಂಪಾಗಿದೆ. ಮುದುರಕ್ಕ ಡಬ್ಬದಿಂದ ಅವರ ಅಳತೆಯದೇ ಇನ್ನೊಂದು ಪ್ಯಾಂಟು ತೆಗೆದು ಮುಂದೆ ಹಿಡಿಯುತ್ತಾರೆ. "ನನ್ನ ಮಾತು ಬೇಡ. ನೀವೇ ಇದನ್ನ ಹಾಕ್ಕೊಂಡು ಸಂಜೆವರೆಗೂ ವ್ಯಾಪಾರ ಮಾಡಿ. ನೆಟ್ಟಗಿದ್ರೆ ಆರುನೂರಕ್ಕೂ ನಾನೇ ಕೂತು ಹೊಲೀತೀನಿ."

"ಕೊಡಿಲ್ಲಿ" ಎಂದು ಯಜಮಾನರು ಕಿತ್ತುಕೊಂಡೇ ಹೋಗುತ್ತಾರೆ. ಐದು ನಿಮಿಷದಲ್ಲಿ ಕೆಳಗೆ ಗಲ್ಲಾಪೆಟ್ಟಿಗೆಯ ಹಿಂದೆ ಬೂದು ಪ್ಯಾಂಟಿನಲ್ಲಿ ಎದೆಯುಬ್ಬಿಸಿ ಕೂರುತ್ತಾರೆ.

ಹತ್ತೂಕಾಲಿಗೆ ಮೆಟ್ಟಿಲು ಹತ್ತಿ ಬರುವವರು ಈಜು ಸ್ಪರ್ಧೆಗಳ ತೀರ್ಪುಗಾರರು, ಏಳು ವರ್ಷದ ಹಳೆಯ ಗಿರಾಕಿ. ಹೃದಯದ ಆಪರೇಷನ್ ಆಗಿ ನಾಲ್ಕು ತಿಂಗಳಾಗಿದೆ, ಐದು ಕಿಲೋಗಿಂತ ಹೆಚ್ಚು ಎತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ಈಗ ಹೊರಟಿರುವುದು ಒಂಬತ್ತು ದಿನ, ಮೂರು ಊರಿಗೆ. ಕೊಳದ ಬದಿಯ ಸೆಕೆಯಲ್ಲಿ ದಿನವಿಡೀ ಕೂರಬೇಕು, ಪ್ರತಿ ಸ್ಪರ್ಧೆಗೂ ಎದ್ದು ಗ್ಯಾಲರಿಗೆ ಬೆನ್ನು ಮಾಡಿ ನಿಲ್ಲಬೇಕು. ರೈಲು ಹನ್ನೆರಡು ಹತ್ತಕ್ಕೆ. ಅವರು ಮೇಲಿನ ಡಬ್ಬದಿಂದ ಬೂದು ಪ್ಯಾಂಟೊಂದನ್ನು ಎತ್ತಿ, ಅಭ್ಯಾಸದಂತೆ ಸೊಂಟದ ಪಟ್ಟಿ ಮಗುಚುತ್ತಾರೆ.

"ದಾರ ಇಲ್ವಲ್ಲಕ್ಕ?"

"ಇಲ್ಲ ಸಾರ್. ಅದು ನಿಮಗೆ ಬೇಡ."

ಹಳೆಯ ಮಿಲ್ಲಿನ ಪ್ಯಾಂಟು ಉಳಿದಿರುವುದು ಎರಡೇ. ಒಂದು ಕಡುನೀಲಿ, ಒಂದು ಇದ್ದಿಲ ಬಣ್ಣದ್ದು, ಎರಡೂ ಸೊಂಟದಲ್ಲಿ ಎರಡಿಂಚು ದೊಡ್ಡವು. ಮುದುರಕ್ಕ ಹೊಲಿಗೆ ಯಂತ್ರದ ಮುಂದೆ ತಾವೇ ನಿಂತು ಒಂದರ ಸೊಂಟ ಬಿಚ್ಚಲು ಶುರುಮಾಡುತ್ತಾರೆ, ಹೊಲಿಗೆಯವರೊಬ್ಬರು ಇನ್ನೊಂದನ್ನು ಹಿಡಿಯುತ್ತಾರೆ. ಕೈ ಕೆಲಸ ಮಾಡುತ್ತಿರುವಾಗಲೇ ಬಾಯಿ ಉಳಿದದ್ದನ್ನು ಆರಿಸುತ್ತದೆ. ಅಂಗಿ ನಾಲ್ಕು ಸಾಕು, ಯಾವ ಅಂಗಿ ಯಾವ ಪ್ಯಾಂಟಿನ ಮೇಲೆ ಬಿದ್ದರೂ ಒಪ್ಪಬೇಕು. ಲಿನನ್ ಮುಟ್ಟಲೇಬಾರದು, ತೊಟ್ಟು ಕೂತು ಎದ್ದರೆ ಹಾಸಿಗೆಯಿಂದ ಎದ್ದು ಬಂದ ಹಾಗಿರುತ್ತದೆ. ಹೆಣಿಗೆಯ ಬಟ್ಟೆಯದು ಎರಡು, ಸಣ್ಣ ಗೀರಿನ ನೇಯ್ಗೆಯದು ಎರಡು. ನುಣುಪು ಬಟ್ಟೆಯಲ್ಲಿ ಎದ್ದು ಕಾಣುವ ಸುಕ್ಕು ಗೀರಿನಲ್ಲಿ ಅಡಗಿಹೋಗುತ್ತದೆ. ತೆಳು ಉಣ್ಣೆ ಬೆರೆತ ಕೋಟೊಂದು ಮೈಮೇಲೇ ಇರಲಿ, ಚೀಲದ ತೂಕಕ್ಕೆ ಸೇರುವುದಿಲ್ಲ.

"ರಾತ್ರಿ ಬೇಸಿನ್ನಲ್ಲಿ ಒಗೆದು, ಟವೆಲ್ಲಲ್ಲಿ ಸುತ್ತಿ, ಮೇಲೆ ಹತ್ತಿ ತುಳೀರಿ. ಆಮೇಲೆ ಒದರಿ ಹಾಕಿ. ಚೀಲದಲ್ಲಿ ಮಡಿಸಬೇಡಿ ಸಾರ್, ಸುರುಳಿ ಸುತ್ತಿ. ಮಡಿಸಿದ ಕಡೆನೇ ಗೆರೆ ಹುಟ್ಟೋದು."

ದಿನಕ್ಕೆ ಹದಿನೈದು ಇಪ್ಪತ್ತು ಗಿರಾಕಿಗಳು, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ನಿಮಿಷ. ಇವರಿಗೆ ಮಾತ್ರ ಒಂದು ಗಂಟೆ ಹಿಡಿದಿದೆ. ಎರಡು ಸಲ ದಾರ ತುಂಡಾಗಿದೆ, ಒಮ್ಮೆ ಸೂಜಿ ಮುರಿದಿದೆ. ಹನ್ನೊಂದೂ ಇಪ್ಪತ್ತಕ್ಕೆ ಚೀಲ ತಕ್ಕಡಿ ಏರುತ್ತದೆ: ನಾಲ್ಕು ಕಿಲೋ ಆರುನೂರು ಗ್ರಾಂ. ತೀರ್ಪುಗಾರರು ಚೀಲವನ್ನು ಒಂದು ಕೈಯಲ್ಲಿ ಎತ್ತಿ ನೋಡಿ, ಅಷ್ಟು ದಪ್ಪ ದೇಹದ ಮನುಷ್ಯ, ಮಕ್ಕಳ ಹಾಗೆ ನಗುತ್ತಾರೆ.

ಹಳೆಯ ಗಿರಾಕಿ ಹೊರಡುವಾಗ ಯಜಮಾನರು ಎದ್ದು ಬಾಗಿಲವರೆಗೆ ಹೋಗಿ ಬೀಳ್ಕೊಡುವುದು ಆ ಅಂಗಡಿಯ ವಾಡಿಕೆ. ಮುದುರಕ್ಕ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಾರೆ. ಯಜಮಾನರು ಅರ್ಧ ಏಳುತ್ತಾರೆ. ಕೈ ತಾನಾಗಿ ಹಿಂದಕ್ಕೆ ಹೋಗಿ ಸವರುತ್ತದೆ. ಸಟ್ಟನೆ ಮತ್ತೆ ಕೂತುಬಿಡುತ್ತಾರೆ. "ಹೋಗಿ ಬನ್ನಿ ಸಾರ್, ಮಂಡಿ ಯಾಕೋ ನೋವು" ಎನ್ನುತ್ತಾರೆ.

ಆ ಮಂಡಿ ನೋವು ಮಧ್ಯಾಹ್ನವಿಡೀ ವಾಸಿಯಾಗುವುದಿಲ್ಲ. ಬ್ಯಾಂಕಿನವರು ಬಂದರೂ ಯಜಮಾನರು ಏಳುವುದಿಲ್ಲ. ಊಟವನ್ನು ಕುರ್ಚಿಗೇ ತರಿಸಿಕೊಳ್ಳುತ್ತಾರೆ. ಮೇಲೆ ಮುದುರಕ್ಕ ಗಿರಾಕಿಗಳಿಗೆ ಬಟ್ಟೆ ತೋರಿಸುತ್ತ, ಕೆಳಗಿನ ಪ್ರತಿ ಸದ್ದಿಗೂ ಕಿವಿಗೊಡುತ್ತಾರೆ. ಗೆರೆ ಬಿದ್ದಿರುವುದು ಖಚಿತ. ಬಿದ್ದ ಗೆರೆಯನ್ನು ಯಜಮಾನರು ಒಪ್ಪಿಕೊಳ್ಳುವರೇ, ಅವಮಾನಕ್ಕೆ ಇನ್ನಷ್ಟು ಸಿಟ್ಟಾಗುವರೇ ಎಂಬುದು ಮಾತ್ರ ಖಚಿತವಿಲ್ಲ. ಹೊಲಿಗೆಯವರಲ್ಲಿ ಚಿಕ್ಕವಳು ಆಗಲೇ ತನ್ನ ಕತ್ತರಿ, ಅಳತೆಪಟ್ಟಿಗಳನ್ನು ಚೀಲಕ್ಕೆ ತುಂಬಿಕೊಂಡಿದ್ದಾಳೆ.

ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಯಜಮಾನರು ಗೋಡೆಗೆ ಬೆನ್ನು ಒತ್ತಿಕೊಂಡೇ ಹತ್ತಿ ಬರುತ್ತಾರೆ. ಗಿರಾಕಿಗಳಿಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಬಾಗಿಲು ಮುಂದೆ ಮಾಡಿ, ತಿರುಗಿ ನಿಲ್ಲುತ್ತಾರೆ.

"ಹಿಂದೆ ಹೇಗಿದೆ? ನಿಜ ಹೇಳು."

"ನಿಜ ಹೇಳಿದ್ದಕ್ಕೇ ಅಲ್ವಾ ಬೆಳಿಗ್ಗೆ ಬೈಸ್ಕೊಂಡಿದ್ದು?"

ಚಿಕ್ಕವಳಿಗೆ ನಗು ತಡೆಯಲಾಗುವುದಿಲ್ಲ. ಯಜಮಾನರೂ ಎರಡು ಕ್ಷಣ ಬಿಗಿಹಿಡಿದು, ಕೊನೆಗೆ ನಕ್ಕುಬಿಡುತ್ತಾರೆ. ಬಳಿಕ ಕುರ್ಚಿ ಎಳೆದು ಕೂತು, ತಲೆ ತಗ್ಗಿಸಿ ಮಾತಾಡುತ್ತಾರೆ. ಡಬ್ಬಗಳು ನಾಳೆ ಕೆಳಗಿನ ಮಾಮೂಲಿ ಕೌಂಟರಿಗೆ ಇಳಿಯಲಿ. ಬೋರ್ಡು ತೆಗೆಸುತ್ತೇನೆ. ಶೂ ವಿಷಯ ಮೂರು ತಿಂಗಳು ಬಿಟ್ಟು ನೋಡೋಣ, ಅಷ್ಟರಲ್ಲಿ ಒಳ್ಳೆಯ ಬಟ್ಟೆ ಸಿಗದಿದ್ದರೆ ನಾನೂ ಏನೂ ಮಾಡಲಾರೆ. "ಬುಧವಾರ ಇನ್ನೊಂದು ಮಿಲ್ಲಿಗೆ ಹೋಗ್ತಿದ್ದೀನಿ. ನೀನೂ ಬಾ. ಬೇಡ ಅನ್ನೋದಿದ್ರೆ ಅಲ್ಲೇ ಅನ್ನು, ದುಡ್ಡು ಕೊಟ್ಟ ಮೇಲೆ ಅನ್ಬೇಡ."

ಹದಿಮೂರು ವರ್ಷದಲ್ಲಿ ಬಟ್ಟೆ ಕೊಳ್ಳುವ ಮೊದಲು ಅವರನ್ನು ಯಾರೂ ಕೇಳಿರಲಿಲ್ಲ. ಮುದುರಕ್ಕ ಆಗಲಿ ಎಂದು ತಲೆಯಾಡಿಸುತ್ತಾರೆ.

ಯಜಮಾನರು ಇಳಿದುಹೋದ ಮೇಲೆ, ಭಯವಾಗಲಿಲ್ಲವೇ ಎಂದು ಕೇಳಿದರೆ ಅವರು ಕಣ್ಣರಳಿಸಿ ನೋಡುತ್ತಾರೆ. "ಆಗ್ದೆ ಏನು! ಬೆಳಿಗ್ಗೆಯಿಂದ ಕಾಲು ನಡುಗ್ತಾನೇ ಇತ್ತು. ಅದಕ್ಕೇ ಅಂಗಡಿಗೆ ಬಂದ ಮೇಲೆ ಕೂರಲೇ ಇಲ್ಲ ನಾನು, ಕೂತಿದ್ರೆ ಏಳೋಕಾಗ್ತಿರ್ಲಿಲ್ಲ." ಆಗಲೇ ಅವರು ಮೊದಲ ಬಾರಿಗೆ ಸ್ಟೂಲು ಎಳೆದುಕೊಂಡು ಕೂತು, ಅತ್ತೆ ಕಟ್ಟಿಕೊಟ್ಟ ಮಧ್ಯಾಹ್ನದ ಡಬ್ಬಿಯನ್ನು ಸಂಜೆ ನಾಲ್ಕೂವರೆಗೆ ಬಿಚ್ಚುತ್ತಾರೆ.

"ನಂಗೆ ದೊಡ್ಡ ಆಸೆ ಏನಿಲ್ಲ. ಬುಧವಾರ ಅಲ್ಲಿ ನಾನು ಬೇಡ ಅಂದ್ರೆ, ಯಜಮಾನ್ರು ಬೇಡ ಅಂತ್ಲೇ ಕೇಳಿಸ್ಕೊಂಡ್ರೆ ಸಾಕು."