ಮುಚ್ಚದೆ ಬಿಟ್ಟ ಮುಳ್ಳು

ಎಳೆದು ಬದಿಗೆ ಹಾಕಿದ ಮುಳ್ಳನ್ನು ನಾನು ತಿರುಗಿ ಮುಚ್ಚಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಮುಚ್ಚಲಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ. ಒಂದೂವರೆ ತಿಂಗಳು ಹೇಳಲಿಲ್ಲ.

ನಮ್ಮದು ಕುರಿ ಕಾಯುವ ಮನೆತನ. ನನ್ನ ಶಾಲೆ ಐದನೇ ಕ್ಲಾಸಿಗೆ ನಿಂತಿತು. ಆಮೇಲೆ ಕುರಿಗಳ ಹಿಂದೆ ನಡೆದೆ. ತಂಗಿ ಓದಿದಳು. ಈಗ ಅವಳು ಹೊಳಲ್ಕೆರೆ ಕಡೆಯ ಒಂದು ಶಾಲೆಯಲ್ಲಿ ಆಟದ ಮೇಡಂ. ನಾನು ಹಿರಿಯೂರಿನಲ್ಲಿ ಗೂಡ್ಸ್ ಆಟೋ ಓಡಿಸುತ್ತೇನೆ.

ದಸರಾ ರಜೆಗೆ ಅವ್ವ, ತಂಗಿ, ನಾನು, ನನ್ನ ಹೆಂಡತಿ ಮಕ್ಕಳು ಎಲ್ಲ ಮಾಡದಕೆರೆ ಹತ್ತಿರ ಸೋದರಮಾವನ ತೋಟದ ಮನೆಗೆ ನಾಲ್ಕು ದಿನಕ್ಕೆಂದು ಹೋದೆವು. ತಂಗಿ ನನ್ನ ಆಟೋದ ಹಿಂದೆ ಎರಡು ಗೇರ್ ಸೈಕಲ್ ಹೇರಿಸಿದ್ದಳು. ಒಂದು ಅವಳದು, ಇನ್ನೊಂದು ಯಾರ ಹತ್ತಿರವೋ ಕೇಳಿ ತಂದದ್ದು. ದಪ್ಪ ಟೈರು, ಮುಂದೆ ಸ್ಪ್ರಿಂಗು, ಗುಡ್ಡದಲ್ಲಿ ಓಡಿಸುವ ಸೈಕಲ್ಲುಗಳು. ಬೇಸಿಗೆಯಲ್ಲಿ ಶಾಲೆಯ ಹುಡುಗಿಯರನ್ನು ಕರೆತಂದು ಗುಡ್ಡದ ಮೇಲೆ ಸೈಕಲ್ ಕಲಿಸಬೇಕು, ಅದಕ್ಕೆ ದಾರಿ ಹುಡುಕಬೇಕು ಎಂಬುದು ಅವಳ ಆಸೆ.

"ಅಣ್ಣ, ಈ ಗುಡ್ಡದಾಗೆ ನೀನು ಕುರಿ ಮೇಸಿದ್ದಿ. ದಾರಿ ಎಲ್ಲಾ ಗೊತ್ತೈತಲ್ಲ?"

"ಕಣ್ಣು ಕಟ್ಟಿ ಬಿಟ್ರೂ ಬರ್ತೀನಿ" ಅಂದೆ.

ಮಾವ ನಕ್ಕ. "ಲೇ, ಆಟೋದಾಗೆ ಕುಂತು ಕುಂತು ಹೊಟ್ಟೆ ಹ್ಯಾಂಡಲ್‌ಗೆ ತಾಕ್ತೈತೆ, ಇವ್ನು ಗುಡ್ಡ ಹತ್ತುತಾನಂತೆ!"

ಅವ್ವ ನಗಲಿಲ್ಲ. "ನೀನು ಮುಂದೆ ಇರು. ಅವಳ್ನ ನೋಡ್ಕ" ಅಂದಳು.

ಮೊದಲೆರಡು ದಿನ ಚೆನ್ನಾಗಿಯೇ ಕಳೆದವು. ಕರೆಂಟು ತೆಗೆಯುವ ಗಾಳಿ ಫ್ಯಾನು ನಿಲ್ಲಿಸಲು ಗುಡ್ಡದ ಮೇಲೆ ಮಾಡಿದ ಮಣ್ಣಿನ ರಸ್ತೆ ಹಿಡಿದು ಹತ್ತುವುದು, ಕುರಿ ದಾರಿಯಲ್ಲಿ ಇಳಿಯುವುದು. ತಂಗಿ ಅಲ್ಲಲ್ಲಿ ನಿಂತು ಫೋನಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು.

"ಈ ದಾರಿ ಯಾಕಣ್ಣ ಹಿಂಗೆ ಬಳುಕ್ತಾ ಹೋಗ್ತೈತೆ?"

"ಕುರಿ ನೆಟ್ಟಗೆ ಇಳಿಯಲ್ಲ ಕಣವ್ವ. ಓರೆ ಹಿಡೀತಾವೆ."

"ಸೈಕಲ್‌ಗೂ ಅದೇ ಬೇಕು. ಇಂಜಿನಿಯರೂ ಇಷ್ಟು ಚಂದ ಮಾಡಲ್ಲ ಬಿಡು."

ಓದಿದವಳು ನನ್ನನ್ನು ಕೇಳಿ ತಿಳಿದುಕೊಳ್ಳುತ್ತಿದ್ದಾಳೆ ಎಂದು ನನಗೆ ಹಿಗ್ಗು. ನಾನು ಆ ಗುಡ್ಡ ಬಿಟ್ಟು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಅದನ್ನು ಮಾತ್ರ ಹೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ, "ಕೆರೆ ಕಡೆ ಇಳಿಯೋ ದಾರಿ ತೋರಿಸ್ತೀನಿ, ಹೋಗಾಣ" ಅಂದೆ. ಆ ದಾರಿ ಎಲ್ಲಿ ಕವಲೊಡೆಯುತ್ತದೆ ಎಂಬುದು ನನಗೆ ಮರೆತೇಹೋಗಿತ್ತು. ನೆತ್ತಿ ದಾಟಿದ ಮೇಲೆ ದಾರಿ ಎರಡಾಯಿತು. ತಂಗಿ ಎಲ್ಲೋ ಹಿಂದೆ ಫೋನು ನೋಡುತ್ತ ನಿಂತಿದ್ದಳು. ಎಡಗಡೆಯ ದಾರಿಗೆ ಜಾಲಿ ಮುಳ್ಳಿನ ಕೊಂಬೆ ಅಡ್ಡ ಎಳೆದು, ಮೇಲೆ ಕಲ್ಲು ಹೇರಿದ್ದರು.

ಕುರಿ ಕಾಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೋಗಬಾರದ ಕಡೆ ಮುಳ್ಳು ಎಳೆಯುತ್ತಾರೆ. ಹೋಗಲೇಬೇಕಾದವನು ಮುಳ್ಳು ತೆಗೆದು, ಹಿಂದೆ ಬರುವವರೆಲ್ಲ ದಾಟಿದ ಮೇಲೆ ತಿರುಗಿ ಮುಚ್ಚುತ್ತಾನೆ. ಮುಳ್ಳು ತೆರೆದೇ ಇದ್ದರೆ ಮುಂದಿನವರು ಈ ಕಡೆಯೇ ಹೋಗಿದ್ದಾರೆ, ನೀನೂ ಬಾ ಎಂದು ಅರ್ಥ. ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ.

ಮುಚ್ಚಿದವರು ಯಾಕೆ ಮುಚ್ಚಿದರೋ ಎಂದು ನಾನು ಯೋಚಿಸಬೇಕಿತ್ತು. ನನಗಿದ್ದದ್ದು ಒಂದೇ ಚಿಂತೆ, ತಂಗಿ ಬರುವಷ್ಟರಲ್ಲಿ ದಾರಿ ಯಾವುದೆಂದು ಖಾತ್ರಿ ಮಾಡಿಕೊಳ್ಳಬೇಕು, ಅಣ್ಣನಿಗೆ ಮರೆತಿದೆ ಎಂದು ಅವಳಿಗೆ ಗೊತ್ತಾಗಬಾರದು. ಕಲ್ಲು ಉರುಳಿಸಿ ಕೊಂಬೆ ಎಳೆದೆ. ಒಂದು ಮುಳ್ಳು ಅಂಗೈಯಲ್ಲಿ ಮುರಿಯಿತು. ಇಪ್ಪತ್ತು ಹೆಜ್ಜೆ ನಡೆದು ನೋಡಿದೆ. ಸೊಂಟದುದ್ದ ಹುಲ್ಲು, ಪೊದೆ. ಇದಲ್ಲ ಅನ್ನಿಸಿತು. ಅಷ್ಟರಲ್ಲಿ ಮೇಲಿನಿಂದ ತಂಗಿಯ ಬೆಲ್ಲು ಕೇಳಿಸಿತು. ಓಡಿ ಬಂದು ಸೈಕಲ್ ಹತ್ತಿ, ಎಲ್ಲ ಗೊತ್ತಿದ್ದವನ ಹಾಗೆ ಬಲಗಡೆಯ ದಾರಿ ಹಿಡಿದು ಇಳಿದುಬಿಟ್ಟೆ.

ಕೆಳಗೆ ಒಂದು ಬೇವಿನ ಮರದ ಹತ್ತಿರ ನಿಂತೆ. ಬೀಡಿ ಹಚ್ಚಿದೆ. ಬೀಡಿ ಮುಗಿಯಿತು, ತಂಗಿ ಬರಲಿಲ್ಲ. ಫೋಟೋ ತೆಗೆಯುತ್ತಿರಬೇಕು ಅಂದುಕೊಂಡೆ. ಕಿವಿಗೊಟ್ಟರೆ ಫ್ಯಾನಿನ ರೆಕ್ಕೆ ಉಸ್ ಉಸ್ ಅನ್ನುವುದು ಬಿಟ್ಟರೆ ಏನೂ ಇಲ್ಲ. ಫೋನು ಮಾಡಿದರೆ ರಿಂಗಾಗುತ್ತದೆ, ಎತ್ತುವವರಿಲ್ಲ. ಆಗ ಆ ಬಾಯಿ ತೆರೆದ ಮುಳ್ಳು ಕಣ್ಣ ಮುಂದೆ ಬಂತು. 

ಸೈಕಲ್ ಎಸೆದು ಗುಡ್ಡ ಹತ್ತಿದೆ. ಉಸಿರು ಸಾಲದು, ಕೂಗಲು ಹೋದರೆ ದನಿ ಬರದು. ಕವಲಿನ ಹತ್ತಿರ ಮಣ್ಣಿನಲ್ಲಿ ದಪ್ಪ ಟೈರಿನ ಅಚ್ಚು ಎಡಕ್ಕೆ ತಿರುಗಿತ್ತು. ನಾನು ನಿಂತು ಮರಳಿದ ಜಾಗ ದಾಟಿ ಹುಲ್ಲು ಮಲಗಿತ್ತು. ಇನ್ನು ಹತ್ತು ಹೆಜ್ಜೆ ಮುಂದೆ ಹುಲ್ಲೂ ಇಲ್ಲ, ನೆಲವೂ ಇಲ್ಲ. ಯಾವ ಕಾಲದಲ್ಲೋ ಕಲ್ಲು ತೆಗೆದು ಬಿಟ್ಟ ಗುಂಡಿ. ಬಗ್ಗಿ ನೋಡಲು ಎಷ್ಟು ಹೆದರಿಕೆಯಾಯಿತೆಂದರೆ, ಕಣ್ಣು ಮುಚ್ಚಿ ಮೊದಲು ಅವಳನ್ನು ಕರೆದೆ.

"ಅಣ್ಣಾ" ಅಂದಳು ಕೆಳಗಿನಿಂದ. ಸಣ್ಣ ದನಿ.

ಎರಡಾಳು ಆಳದಲ್ಲಿ ಬಿದ್ದಿದ್ದಳು. ಬಲಗಾಲು ಮಂಡಿಯ ಕೆಳಗೆ ಸೊಟ್ಟಗಾಗಿತ್ತು. ನನ್ನ ಕೂಗು ಕೇಳಿ ಕುರಿ ಮೇಸುತ್ತಿದ್ದ ಒಬ್ಬ ಅಜ್ಜ ಕಂಬಳಿ ಹೊತ್ತು ಓಡಿಬಂದ. ಅವನೇ ಇಳಿಯುವ ಜಾಡು ತೋರಿಸಿದ. ಕಂಬಳಿಯಲ್ಲಿ ಅವಳನ್ನು ಮಲಗಿಸಿ ಇಬ್ಬರೂ ಮೇಲಕ್ಕೆ ತಂದೆವು. ಅವಳು ತುಟಿ ಕಚ್ಚಿಕೊಂಡಿದ್ದಳು, ಅಳಲಿಲ್ಲ. ಅಜ್ಜ ಕವಲಿನ ಹತ್ತಿರ ನಿಂತುಬಿಟ್ಟ.

"ಯಾರಪ್ಪ ಮುಳ್ಳು ತೆಗ್ದೋರು? ನನ್ನ ಎರಡು ಮರಿ ಬಿದ್ದು ಸತ್ತವೆ ಅಂತ ನಾನೇ ಎಳ್ದಿದ್ದೆ."

"ತೆಗ್ದಿತ್ತು ಅಜ್ಜ. ಅಣ್ಣ ಹೋಗಿದಾನೆ ಅಂತ ನಾನೂ ಹೋದೆ" ಅಂದಳು ತಂಗಿ. ಹಾಗಂದು ನನ್ನ ಮುಖ ನೋಡಿದಳು.

"ನಾನು ಮುಟ್ಟೇ ಇಲ್ಲ" ಅಂದೆ. "ದನ ಕಾಯೋರು ಯಾರೋ ತೆಗ್ದಿರ್ಬೇಕು. ನೀನು ನೋಡ್ಕಂಡು ಬರಬಾರ್ದಾ?"

 ಮುಳ್ಳು ಮುರಿದಿದ್ದ ಅಂಗೈ ಕಾಣದ ಹಾಗೆ ಮುಷ್ಟಿ ಕಟ್ಟಿಕೊಂಡಿದ್ದೆ.

ಹೊಸದುರ್ಗದಲ್ಲಿ ಕಟ್ಟು ಹಾಕಿ ಚಿತ್ರದುರ್ಗಕ್ಕೆ ಕಳಿಸಿದರು. ಅಲ್ಲಿ ಕಾಲೊಳಗೆ ರಾಡು ಹಾಕಿದರು. ಓಡುವುದು ಆಮೇಲೆ ನೋಡೋಣ, ಮೊದಲು ನಡೆಯಲಿ ಅಂದರು ಡಾಕ್ಟರು. ಆಸ್ಪತ್ರೆಗೆ ಬಂದವರೆಲ್ಲ ಅವಳಿಗೇ ಬೈದರು. ಹೆಣ್ಣು ಮಗಳಿಗೆ ಗುಡ್ಡದ ಮೇಲೆ ಸೈಕಲ್ ಯಾಕೆ ಬೇಕಿತ್ತು ಅಂದರು. "ನಿಮ್ಮಣ್ಣ ದಾರಿಯಾಗೇ ಇದ್ದ, ನೀನ್ಯಾಕೆ ತಪ್ಪಿದೆ?" ಅಂದಳು ಅವ್ವ. ನಾನು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದೆ.

ಅಂಗೈ ಬಾತುಕೊಂಡಿತು. ಹೆಂಡತಿ ಪಿನ್ನಿನಿಂದ ಮುಳ್ಳು ತೆಗೆಯುತ್ತ, "ಎಲ್ಲಿ ಚುಚ್ಚಿಸ್ಕಂಡ್ರಿ?" ಅಂದಳು. ಲೋಡು ಇಳಿಸುವಾಗ ಅಂದೆ. ಕಂಬಳಿ ಹೊದ್ದ ಮುದುಕರು ಹಿರಿಯೂರಿನ ರಸ್ತೆಯಲ್ಲಿ ಕಂಡರೂ ಆ ಅಜ್ಜನೇ ಇರಬೇಕೆಂದು ಆಟೋ ಬೇರೆ ಕಡೆ ತಿರುಗಿಸುತ್ತಿದ್ದೆ. ತಂಗಿಯ ಫೋನು ಬಂದರೆ ಎರಡು ಸಲ ಪೂರ್ತಿ ರಿಂಗಾಗಲು ಬಿಡುತ್ತಿದ್ದೆ. ಹೇಳಿದರೆ ಅವಳು ಇನ್ನು ಅಣ್ಣ ಎಂದು ಕರೆಯುವುದಿಲ್ಲ ಎಂಬ ಹೆದರಿಕೆ.

ಒಂದು ಭಾನುವಾರ ಅವಳೇ ಕರೆಸಿದಳು. ಹೊಳಲ್ಕೆರೆಯ ಮನೆಯ ಬಾಗಿಲಲ್ಲಿ ಕೋಲು ಊರಿ ನಿಂತಿದ್ದಳು. ಸೈಕಲ್ ರಿಪೇರಿಯಾಗಿ ಗೋಡೆಗೆ ಒರಗಿತ್ತು.

"ಆಟೋದಾಗೆ ಹಾಕ್ಕ ಅಣ್ಣ. ಚಿತ್ರದುರ್ಗದಾಗೆ ಒಬ್ರು ತಗಂತಾರಂತೆ."

"ಕಾಲು ಸರಿ ಆಗ್ತೈತಲ್ಲ, ಇರ್ಲಿ ಬಿಡು."

"ಕಾಲಿಂದಲ್ಲ. ನನಗೆ ದಾರಿ ತಿಳಿಯಲ್ಲ ಅಣ್ಣ. ಮುಳ್ಳು ನೋಡಿ ತಪ್ಪಾಗಿ ತಿಳ್ಕಂಡೆ. ನನ್ನ ಹಿಂದೆ ಹುಡುಗೀರು ಇದ್ದಿದ್ರೆ? ಸಾಲಾಗಿ ಎಲ್ರೂ ಬೀಳ್ತಿದ್ರು. ನಿದ್ದೆಗಣ್ಣಾಗೂ ಅದೇ ಕಾಣ್ತೈತೆ. ಇನ್ನು ಯಾರ್ನೂ ಕರ್ಕಂಡು ಹೋಗಲ್ಲ. ಹೆಡ್‌ಮಾಸ್ತರ್ರಿಗೂ ಹೇಳಿಬಿಟ್ಟೆ."

ನಾನು ಸೈಕಲ್ ಎತ್ತಿ ಆಟೋದಲ್ಲಿ ಇಟ್ಟೆ. ಹಗ್ಗ ಬಿಗಿಯತೊಡಗಿದೆ. ಒಂದು ಗಂಟು ಹಾಕಿದೆ, ಎರಡನೆಯದು ಬರಲಿಲ್ಲ.  ಸುಮ್ಮನೆ ಗಾಡಿ ಸ್ಟಾರ್ಟ್ ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಮಾತ್ರ ತನಗೆ ದಾರಿ ತಿಳಿಯುವುದಿಲ್ಲ ಎಂದೇ ನಂಬಿಕೊಂಡು ಬದುಕುತ್ತಿದ್ದಳು.

ಹಗ್ಗ ಬಿಚ್ಚಿದೆ. ಸೈಕಲ್ ಇಳಿಸಿ ಅವಳ ಮುಂದೆ ನಿಲ್ಲಿಸಿದೆ. ಮುಖ ನೋಡಲು ಆಗದೆ, ಅವಳ ಕಾಲಿನ ಕಟ್ಟು ನೋಡುತ್ತ ಹೇಳಿದೆ.

"ನೀನು ಸರಿಯಾಗೇ ತಿಳ್ಕಂಡಿದ್ದೆ ಕಣವ್ವ. ಮುಳ್ಳು ಎಳೆದೋನು ನಾನೇ. ದಾರಿ ಮರ್ತಿದ್ದೆ, ಹೇಳಾಕೆ ನಾಚಿಕೆಯಾಯ್ತು. ಮುಚ್ಚದೆ ಹೋದೆ. ಆಮೇಲೆ ಸುಳ್ಳು ಹೇಳಿ ನಿನ್ನ ಮೇಲೇ ಹಾಕ್ದೆ. ತಪ್ಪಾಯ್ತು ನನ್ನವ್ವ, ನನ್ನಿಂದ ತಪ್ಪಾಯ್ತು."